ಇಗರ್ಜಿ ಬೆಳೆದಿದೆ ಅಂತ ಯಾವಾಗ ಹೇಳೋದು?

2022ರ ಮಳೆಗಾಲದಲ್ಲಿ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಪೀಠದ ಬಟ್ಟೆ ಐದು ಭಾನುವಾರ ಸುಕ್ಕಾಗಿಯೇ ಇತ್ತು.

ನಾನು ಎರಡನೇ ಸಾಲಿನಲ್ಲಿ ಕೂರುವವಳು. ಪೂಜೆಗೆ ಎದ್ದು ನಿಂತರೆ ಕಣ್ಣು ನೇರ ಪೀಠಕ್ಕೇ ಹೋಗುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಆ ಬಿಳಿ ಬಟ್ಟೆ ಯಾವಾಗಲೂ ಎರಡೂ ಬದಿಗೆ ಹಲಗೆಯ ಹಾಗೆ ನೆಟ್ಟಗೆ ಇಳಿದಿರುತ್ತಿತ್ತು. ಅವತ್ತು ಮುದುಡಿಕೊಂಡಿತ್ತು. ಮಳೆ ಅಲ್ವಾ, ಒಣಗಿರಲಿಕ್ಕಿಲ್ಲ ಅಂದುಕೊಂಡೆ. ಮುಂದಿನ ವಾರವೂ ಹಾಗೇ. ಮೂರನೇ ವಾರ ಪಕ್ಕದಲ್ಲಿ ಕೂತವರು ನನ್ನ ಮೊಣಕೈ ಮುಟ್ಟಿ, "ನೋಡಿ, ಬಟ್ಟೆ ಹೇಗಾಗಿದೆ" ಅಂದರು. ಇಬ್ಬರೂ ತಲೆ ಆಡಿಸಿ ಸುಮ್ಮನಾದೆವು.

ಐದನೇ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದರೆ ಗೇಟಿನ ಹತ್ತಿರ ಒಬ್ಬ ಹೆಂಗಸು ಕೊಡೆ ಹಿಡಿದು ನಿಂತಿದ್ದರು. ನಮ್ಮ ಇಗರ್ಜಿಯವರಲ್ಲ. ಮನೆಮನೆಗೆ ಮೀನು ಮಾರುವವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ, ಹಾಗಾಗಿ ಊರಲ್ಲಿ ಎಲ್ಲರಿಗೂ ನಾನು ಅಕ್ಕೋರು.

"ಅಕ್ಕೋರೇ, ಮಾಯ್ ಬಿದ್ದು ತಿಂಗಳ ಮೇಲಾಯ್ತಲ್ರಾ. ಸೊಂಟದ ಆಪರೇಶನ್ ಆಗಿದೆ. ಗಂಜಿ, ಸಾರು ನಾವೇ ಕೊಡ್ತಾ ಇದ್ದೇವೆ. ನಿಮ್ಮ ಇಗರ್ಜಿಯವರು ಯಾರೂ ಬಂದಿಲ್ಲ. ಸುದ್ದಿ ಗೊತ್ತಿಲ್ಲವೇನೋ, ಹೇಳಿ ಹೋಗ್ವಾ ಅಂತ ಬಂದೆ."

ಮಾತಿನಲ್ಲಿ ಚುಚ್ಚು ಇರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಮಾಯ್ ನಮ್ಮ ವಾಡಾದ, ಅಂದರೆ ನಮ್ಮ ಕೇರಿಯ, ಅಜ್ಜಿ. ಗಂಡ ತೀರಿಕೊಂಡು ಎಷ್ಟೋ ವರ್ಷ ಆಯಿತು. ಮಗ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ವರ್ಷದಲ್ಲಿ ಹೆಚ್ಚಿನ ತಿಂಗಳು ನೀರಿನ ಮೇಲೇ. ಮೂವತ್ತು ವರ್ಷಕ್ಕೂ ಮಿಕ್ಕಿ ಪೀಠದ ಬಟ್ಟೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಶನಿವಾರ ಸಂಜೆ ತಂದು ಹಾಸುತ್ತಿದ್ದವರು ಇವರೇ. ಬಟ್ಟೆ ಸುಕ್ಕಾದದ್ದು ನಮಗೆಲ್ಲ ಕಂಡಿತ್ತು. ಒಗೆಯುವವರು ಎಲ್ಲಿ ಹೋದರು ಅಂತ ಒಬ್ಬರಿಗೂ ಕೇಳಬೇಕು ಅನಿಸಿರಲಿಲ್ಲ.

ಅದೇ ವರ್ಷದ ಶುರುವಿನಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಪೋಪ್ ಫ್ರಾನ್ಸಿಸ್ 2021ರ ಅಕ್ಟೋಬರಿನಲ್ಲಿ ಒಂದು ಸಿನೊಡ್, ಅಂದರೆ ಬಿಷಪ್ಪರ ಸಮಾಲೋಚನಾ ಸಭೆ, ಶುರು ಮಾಡಿದ್ದರು. ಬಿಷಪ್ಪರು ಕೂತು ಮಾತಾಡುವ ಮೊದಲು ಜಗತ್ತಿನ ಎಲ್ಲ ಕಡೆ ಜನರ ಮಾತು ಕೇಳಬೇಕು ಅನ್ನುವುದು ಅದರ ಮೊದಲ ಹಂತ. ನಮ್ಮಲ್ಲೂ ಪ್ರಶ್ನೆಗಳ ಹಾಳೆ ಬಂತು. ಅದರಲ್ಲಿ ಒಂದು ಪ್ರಶ್ನೆಯ ಸಾರ ಇಷ್ಟು: ನಿಮ್ಮ ಜೊತೆ ನಡೆಯುತ್ತಿರುವವರು ಯಾರು, ಹೊರಗೆ ಉಳಿದವರು ಯಾರು? ನಾವು ಎಂಟು ಜನ ಪೂಜೆ ಮುಗಿದ ಮೇಲೆ ಅರ್ಧ ಗಂಟೆ ಕೂತೆವು. ಮನೆಗೆ ಹೋಗುವ ಅವಸರ. "ನಮ್ಮಲ್ಲಿ ಹಾಗೆ ಹೊರಗೆ ಉಳಿದವರು ಯಾರೂ ಇಲ್ಲ" ಅಂತ ಬರೆದು ಕೊಟ್ಟೆವು. ಬರೆದದ್ದು ನಾನೇ.

ಮಾಯ್ ಮನೆಯಿಂದ ಬಂದ ರಾತ್ರಿ ನನಗೆ ಆ ಸಾಲು ಬಿಟ್ಟು ಬೇರೇನೂ ತಲೆಯಲ್ಲಿ ಓಡಲಿಲ್ಲ. ಅದರ ಜೊತೆಗೆ ಇನ್ನೊಂದು ಸಾಲು. ಆ ಸಲದ ವಾರ್ಷಿಕ ವರದಿಯನ್ನೂ ನಾನೇ ಬರೆದಿದ್ದೆ. "ನಮ್ಮ ಧರ್ಮಕೇಂದ್ರ ದಿನದಿಂದ ದಿನಕ್ಕೆ ಬೆಳೆಯುತ್ತಿದೆ" ಅಂತ ಅದರ ಮೊದಲ ವಾಕ್ಯ.

ಬೆಳೆದದ್ದು ಸುಳ್ಳೇನೂ ಅಲ್ಲ. ನಾನು ಹುಡುಗಿಯಾಗಿದ್ದಾಗ, 1976ರಲ್ಲಿ, ಬೆಳಗಾವಿಯಿಂದ ಬೇರೆಯಾಗಿ ಕಾರವಾರ ಧರ್ಮಪ್ರಾಂತ್ಯ (ಒಬ್ಬ ಬಿಷಪ್ಪರ ಕೆಳಗಿನ ಪ್ರದೇಶ) ಆಯಿತು. ಆಗ ನಮ್ಮ ಇಗರ್ಜಿಯಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು. ಅತ್ತೆ, ಮಾವ, ಮದುವೆಯ ಸಂಬಂಧ, ಜ್ಞಾನಸ್ನಾನದ ಸಂಬಂಧ. ಎಲ್ಲರದ್ದೂ ಒಂದೇ ಕೊಂಕಣಿ. ಆಮೇಲೆ 1986ರಲ್ಲಿ ನೌಕಾಪಡೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು. ಕಾರವಾರ, ಅಂಕೋಲಾ ತಾಲೂಕುಗಳ ಕಡಲ ಬದಿಯ ಊರುಗಳು ಜಾಗ ಬಿಟ್ಟು ಎದ್ದವು. 2005ರಲ್ಲಿ ನೌಕಾನೆಲೆ ಶುರುವಾಯಿತು. ಅದಕ್ಕೂ ಮೊದಲೇ, 2000ದ ಹೊತ್ತಿಗೆ, ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಎರಡು ಘಟಕಗಳು ಕರೆಂಟು ಕೊಡಲು ಶುರು ಮಾಡಿದ್ದವು. ಕೇರಳ, ತಮಿಳುನಾಡು, ಆಂಧ್ರ, ಜಾರ್ಖಂಡ್, ಈಶಾನ್ಯದ ಕಡೆಯ ಕುಟುಂಬಗಳು ಬಂದವು. ಇತ್ತ ನಮ್ಮ ಮಕ್ಕಳು ಗೋವಾಕ್ಕೆ, ಬೆಂಗಳೂರಿಗೆ, ಗಲ್ಫಿಗೆ, ಹಡಗಿಗೆ ಹೊರಟರು.

ಅಂದರೆ ನಮ್ಮ ಪುಸ್ತಕದಲ್ಲಿ ಮನೆಗಳು ಹೆಚ್ಚಾದದ್ದು ವರ್ಗಾವಣೆಯ ಆದೇಶದಿಂದ. ನಾವು ಅದಕ್ಕೆ ಮಾಡಿದ್ದೇನೂ ಇಲ್ಲ. ಬೆಂಚು ತುಂಬಿತು, ಎರಡನೇ ಪೂಜೆ ಬೇಕಾಯಿತು, ಪಾರ್ಕಿಂಗಿಗೆ ಜಾಗ ಸಾಲದಾಯಿತು. ಇದನ್ನೆಲ್ಲ ನೋಡಿ ಬೆಳೆದೆವು ಅಂದುಕೊಂಡೆವು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಕ್ರೈಸ್ತರು "ಬೆಳವಣಿಗೆ" ಅಂದ ತಕ್ಷಣ ಹೊರಗಿನ ಕೆಲವರಿಗೆ ಮತಾಂತರದ ನೆನಪಾಗುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನಾವು ನೂರಕ್ಕೆ 1.87. ಈ ಬರಹದಲ್ಲಿ ನಾನು ಹೇಳುವ ಬೆಳವಣಿಗೆಗೂ ಆ ಸಂಖ್ಯೆ ಏರುವುದಕ್ಕೂ ಸಂಬಂಧ ಇಲ್ಲ. ಈಗಾಗಲೇ ಒಂದೇ ಸೂರಿನಡಿ ಬಂದು ಕೂತವರು ಒಬ್ಬರಿಗೊಬ್ಬರು ಏನಾಗಿದ್ದೇವೆ ಅನ್ನುವುದಷ್ಟೇ ನನ್ನ ಚಿಂತೆ.

ಆ ದಿನಗಳಲ್ಲಿ ನಾನು ಬೈಬಲಿನ 'ಪ್ರೇಷಿತರ ಕಾರ್ಯಕಲಾಪಗಳು' ಪುಸ್ತಕವನ್ನು ಮತ್ತೆ ಓದಲು ಕೂತೆ. ಮೊದಲ ಕ್ರೈಸ್ತ ಸಭೆ ಹೇಗೆ ಬೆಳೆಯಿತು ಅಂತ ಹೇಳುವಾಗ ಎಲ್ಲರೂ ಎರಡನೇ ಅಧ್ಯಾಯ ಓದುತ್ತಾರೆ. ಎಲ್ಲವನ್ನೂ ಹಂಚಿಕೊಂಡರು, ರೊಟ್ಟಿ ಮುರಿದರು, ಒಂದೇ ಮನಸ್ಸಿನಿಂದ ಇದ್ದರು. ಓದಲು ಚೆಂದ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆರನೇ ಅಧ್ಯಾಯ. ಅಲ್ಲಿ ಗಲಾಟೆ ಇದೆ. ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ಹೊತ್ತಿಗೇ ಗೊಣಗಾಟ ಶುರುವಾಯಿತು ಅಂತಲೇ ಆ ಅಧ್ಯಾಯ ಹೊರಡುತ್ತದೆ. ಗ್ರೀಕ್ ಮಾತಾಡುವವರ ದೂರು ಇದು: ದಿನದ ಊಟ ಹಂಚುವಾಗ ನಮ್ಮ ಕಡೆಯ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ, ಹೀಬ್ರೂ ಮಾತಾಡುವವರ ವಿಧವೆಯರಿಗೆ ಮಾತ್ರ ಸರಿಯಾಗಿ ಸಿಗುತ್ತಿದೆ.

ಎರಡು ಸಾವಿರ ವರ್ಷದ ಹಿಂದಿನ ಜೆರುಸಲೇಮಿನಲ್ಲೂ ಅದೇ. ಭಾಷೆ, ಊಟ, ಒಂಟಿ ಹೆಂಗಸರು.

ಆಗ ಪ್ರೇಷಿತರು, ಅಂದರೆ ಯೇಸುವಿನ ಹನ್ನೆರಡು ಮುಖ್ಯ ಶಿಷ್ಯರು, ಮಾಡಿದ್ದನ್ನು ನೋಡಿ. ದೂರು ಹೇಳಿದವರ ಬಾಯಿ ಮುಚ್ಚಿಸಲಿಲ್ಲ. "ಒಗ್ಗಟ್ಟು ಒಡೆಯಬೇಡಿ" ಅಂತ ಪ್ರವಚನ ಕೊಡಲಿಲ್ಲ. ತಾವೇ ಎಲ್ಲ ಮಾಡುತ್ತೇವೆ ಅಂತಲೂ ಅನ್ನಲಿಲ್ಲ. ಏಳು ಜನರನ್ನು ಆರಿಸಿ ಅಂತ ಸಭೆಗೇ ಹೇಳಿದರು. ಸಭೆ ಆರಿಸಿತು: ಸ್ತೇಫನ, ಫಿಲಿಪ್ಪ, ಪ್ರೊಖೋರ, ನಿಕಾನೋರ, ತಿಮೋನ, ಪರ್ಮೇನ, ನಿಕೊಲಾಸ. ಏಳಕ್ಕೆ ಏಳೂ ಗ್ರೀಕ್ ಹೆಸರು. ಇಷ್ಟು ವರ್ಷ ಈ ಪಟ್ಟಿಯನ್ನು ಸುಮ್ನೆ ಓದಿಕೊಂಡು ಹೋಗಿದ್ದೆ. ಈ ಸಲ ಹೊಳೆಯಿತು. ದೂರು ಹೇಳಿದವರ ಕೈಗೇ ಸೌಟು ಕೊಟ್ಟಿದ್ದಾರೆ! ಸಭೆ ಇನ್ನಷ್ಟು ಬೆಳೆಯಿತು ಅನ್ನುವ ಮಾತು ಬರುವುದು ಅದಾದ ಮೇಲೆ.

ನಮ್ಮಲ್ಲಿ ಸೌಟು ಯಾರ ಕೈಯಲ್ಲಿತ್ತು? ನಮ್ಮದೇ ಐದಾರು ಹಳೆ ಮನೆಗಳವರ ಕೈಯಲ್ಲಿ. ನಮ್ಮ ಮನೆಯೂ ಅದರಲ್ಲಿ ಒಂದು. ಪಾಲನಾ ಸಮಿತಿ, ಹಬ್ಬದ ಸಮಿತಿ, ಕ್ವಾಯರ್, ಎಲ್ಲ ಕಡೆ ಅವೇ ಹೆಸರು. ಯಾರೂ ಕೆಟ್ಟವರಲ್ಲ. ಹೊಸಬರಿಗೆ ಯಾಕೆ ತೊಂದರೆ ಕೊಡುವುದು, ಹೇಗೂ ಮೂರು ವರ್ಷಕ್ಕೆ ಹೋಗುವವರು ಅಂತ ಪ್ರೀತಿಯಿಂದಲೇ ಅನ್ನುತ್ತಿದ್ದೆವು.

ಮಾಯ್ ವಿಷಯ ಗೊತ್ತಾದ ಮೇಲೆ ಫಾದರ್ ಒಂದು ಭಾನುವಾರ ಪ್ರವಚನದ ಬದಲು ನಮ್ಮ ಕೈಗೆ ಮನೆಗಳ ಪಟ್ಟಿ ಕೊಟ್ಟರು. ನಿಮ್ಮ ವಾಡಾದಲ್ಲಿ ಯಾರ ಮನೆಗೆ ನೀವು ಒಂದು ವರ್ಷದಿಂದ ಹೋಗಿಲ್ಲ, ಗುರುತು ಹಾಕಿ ಅಂದರು. ನನ್ನ ಹಾಳೆಯಲ್ಲಿ ಅರ್ಧಕ್ಕೂ ಜಾಸ್ತಿ ಗುರುತು ಬಿತ್ತು.

ಆಮೇಲೆ ಇಬ್ಬಿಬ್ಬರಾಗಿ ಹೊರಟೆವು. ಇಬ್ಬಿಬ್ಬರು ಅನ್ನುವುದು ಹಳೆಯ ಕ್ರಮ. ಯೇಸು ಶಿಷ್ಯರನ್ನು ಕಳಿಸಿದ್ದೂ ಹಾಗೇ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಝನಾಮ್ ಅನ್ನುವ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಇವತ್ತಿಗೂ ಬಡವರ ಮನೆಗೆ ಇಬ್ಬರಾಗಿಯೇ ಹೋಗುತ್ತಾರೆ. ನಾವು ಒಂದು ಸಣ್ಣ ಬದಲಾವಣೆ ಮಾಡಿಕೊಂಡೆವು. ಇಬ್ಬರಲ್ಲಿ ಒಬ್ಬರು ಹಳಬರು, ಒಬ್ಬರು ಹೊಸಬರು.

ನನಗೆ ಜೊತೆಯಾದವರು ಜಾರ್ಖಂಡಿನ ಒಬ್ಬ ಹೆಂಗಸು. ಗಂಡನಿಗೆ ನೌಕಾನೆಲೆಯ ಕಾಮಗಾರಿಯಲ್ಲಿ ಕೆಲಸ. ಎಂಟು ತಿಂಗಳಿಂದ ಕೊನೆಯ ಬೆಂಚಿನಲ್ಲಿ ಕೂತು, ಕೊನೆಯ ಹಾಡು ಮುಗಿಯುವ ಮೊದಲೇ ಎದ್ದು ಹೋಗುತ್ತಿದ್ದರು. ನನ್ನ ಹಿಂದಿ ಅಷ್ಟಕ್ಕಷ್ಟೇ. ಅವರ ಕನ್ನಡ ಆಗ ತರಕಾರಿ ಅಂಗಡಿಯಷ್ಟು. ಮೊದಲ ದಿನ ಹಾದಿಯಲ್ಲಿ ನಾನು ಅವರ ಹೆಸರು ಕೇಳಿದೆ. ಹೇಳಿ ಸ್ವಲ್ಪ ದೂರ ನಡೆದ ಮೇಲೆ, "ಇಲ್ಲಿ ಬಂದ ಮೇಲೆ ಇಗರ್ಜಿಯವರು ನನ್ನ ಹೆಸರು ಕೇಳಿದ್ದು ಇದೇ ಮೊದಲು" ಅಂದರು. ನಾನು ಪ್ರತಿ ಭಾನುವಾರ ಶಾಂತಿ ಕೋರುವಾಗ ಹಿಂದೆ ತಿರುಗಿ ಅವರಿಗೂ ಕೈ ಮುಗಿದಿದ್ದೆ. ನಕ್ಕಿದ್ದೆ ಕೂಡ.

ಭಾಷೆಯ ವಿಷಯದಲ್ಲಿ ನಮ್ಮಲ್ಲಿ ದೊಡ್ಡ ಚರ್ಚೆ ಆಯಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಯ ಕಟ್ಟಳೆ ಒಪ್ಪಿ, ಲ್ಯಾಟಿನ್ ಜೊತೆಗೆ ಜನರ ಭಾಷೆಗೆ ಬಾಗಿಲು ತೆಗೆಯಿತು. ಲ್ಯಾಟಿನ್ ಪೂಜೆಯ ಹೊತ್ತಿಗೆ ತಾವು ಹಿಂದೆ ಕೂತು ಜಪಸರ ಎಣಿಸುತ್ತಿದ್ದೆವು ಅಂತ ನನ್ನ ಅಮ್ಮ ಹೇಳುತ್ತಿದ್ದರು. ಪೂಜೆ ಕೊಂಕಣಿಗೆ ಬಂದಾಗ ಅವರಿಗೆ ಆದ ಖುಷಿಯನ್ನು ನಾನು ಕೇಳಿ ಬೆಳೆದವಳು. ಆದರೆ ಅಮ್ಮನ ಕೈಗೆ ಜಪಸರ ಕೊಟ್ಟು ಹಿಂದೆ ಕೂರಿಸಿದ್ದ ಅದೇ ಕೆಲಸವನ್ನು ಈಗ ನಮ್ಮ ಕೊಂಕಣಿ ಇನ್ನೊಬ್ಬರಿಗೆ ಮಾಡುತ್ತಿದ್ದರೆ?

ಹಿಂದಿ, ಇಂಗ್ಲಿಷ್ ಪೂಜೆ ಬೇರೆ ಇಟ್ಟುಬಿಡೋಣ ಅಂದವರು ಇದ್ದರು. ಇಟ್ಟೆವು, ತಿಂಗಳಿಗೆ ಎರಡು. ಅರ್ಥವಾಗುವ ಮಾತಿನಲ್ಲಿ ಪ್ರಾರ್ಥನೆ ಮಾಡುವುದು ಎಲ್ಲರಿಗೂ ಬೇಕು. ಆದರೆ ನನಗೆ ಒಂದು ಭಯ ಇತ್ತು, ಈಗಲೂ ಇದೆ. ಏಳು ಗಂಟೆಯವರು, ಒಂಬತ್ತು ಗಂಟೆಯವರು ಅಂತ ಎರಡು ಗುಂಪಾಗಿ, ಗೇಟಿನಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುವ ಇಗರ್ಜಿ ನಮಗೆ ಬೇಡ. ಬೇರೆ ಪೂಜೆ ಇಟ್ಟರೆ ಸಾಲದು, ಅದರ ಜೊತೆ ಕೆಲಸವನ್ನೂ ಹಂಚಬೇಕು ಅಂತ ನಾನು ಹಟ ಹಿಡಿದೆ. ಪೆಂತೆಕೋಸ್ತ್ ಹಬ್ಬದಲ್ಲಿ ವಿಶ್ವಾಸಿಗಳ ಬಿನ್ನಹವನ್ನು ಆರು ಭಾಷೆಯಲ್ಲಿ ಓದಿಸಿದೆವು. ಅದು ಒಂದು ದಿನದ ಸಂಭ್ರಮ. ಅದಕ್ಕಿಂತ ದೊಡ್ಡದು, ಧರ್ಮೋಪದೇಶದ ತರಗತಿಯನ್ನು ನೌಕಾಪಡೆಯವರೊಬ್ಬರ ಹೆಂಡತಿ, ತಮಿಳಿನವರು, ವಹಿಸಿಕೊಂಡದ್ದು. ಊರಲ್ಲಿ ಟೀಚರ್ ಆಗಿದ್ದವರಂತೆ. ನಮ್ಮ ಮಧ್ಯೆ ಒಂದೂವರೆ ವರ್ಷ ಕೂತಿದ್ದರು, ನಮಗೆ ಗೊತ್ತೇ ಇರಲಿಲ್ಲ.

ಇನ್ನು ಮಾಯ್ ಮನೆಗೆ ಬರುತ್ತೇನೆ.

ಮಾಯ್ ಈಗ ವಾಕರ್ ಹಿಡಿದು ಮಂಚದಿಂದ ಜಗಲಿಯವರೆಗೆ ನಡೆಯುತ್ತಾರೆ. ಪರಮಪ್ರಸಾದ ಮನೆಗೇ ಹೋಗುತ್ತದೆ. ಮೊದಲ ಸಲ ಹೋದಾಗ ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ನನ್ನ ಮಾತು ಅರ್ಧಕ್ಕೇ ತಡೆದು, "ಬಟ್ಟೆ ಯಾರು ಒಗೀತಿದ್ದಾರೆ?" ಅಂದರು. ಯಾರೋ ವಾಷಿಂಗ್ ಮೆಶಿನ್ನಿಗೆ ಹಾಕುತ್ತಿದ್ದಾರೆ ಅಂದೆ. ಮುಖ ನೋಡಬೇಕಿತ್ತು. ಮುಂದಿನ ವಾರ ಧರ್ಮೋಪದೇಶದ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹೋದೆ. ಒಬ್ಬಳು ನಮ್ಮ ವಾಡಾದವಳು, ಇನ್ನೊಬ್ಬಳು ಆ ತಮಿಳು ಟೀಚರಿನ ಮಗಳು. ಮಾಯ್ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು ಪಾಠ ಶುರು ಮಾಡಿದರು.

ಅನ್ನದ ಗಂಜಿಯನ್ನು ಹಾಗೇ ಹಾಕಬಾರದು. ತೆಳ್ಳನೆ ಬಟ್ಟೆಯಲ್ಲಿ ಎರಡು ಸಲ ಸೋಸಬೇಕು, ಒಂದು ಅಗುಳೂ ಉಳಿಯಬಾರದು. ಆಮೇಲೆ ತಣ್ಣೀರು ಬೆರೆಸಿ ಹಾಲಿನಷ್ಟು ತೆಳ್ಳಗೆ ಮಾಡಬೇಕು. ಬಟ್ಟೆ ಅದ್ದಿದ ಮೇಲೆ ಹಿಂಡುವ ಹಾಗಿಲ್ಲ. ಇಬ್ಬರು ಎರಡು ತುದಿ ಹಿಡಿದು ನೀರು ಇಳಿಯುವವರೆಗೆ ನಿಲ್ಲಬೇಕು. ಒಣಗಿಸುವುದು ನೆರಳಲ್ಲಿ. ಪೂರ್ತಿ ಒಣಗುವ ಮೊದಲೇ, ಕೈಗೆ ಸ್ವಲ್ಪ ತಂಪು ಹತ್ತುವಾಗಲೇ ಇಸ್ತ್ರಿ. ಕಸೂತಿ ಇರುವ ಅಂಚನ್ನು ದಪ್ಪ ಟವೆಲಿನ ಮೇಲೆ ಬೋರಲು ಹಾಕಿ ಹಿಂದಿನಿಂದ ಒತ್ತಬೇಕು, ಇಲ್ಲದಿದ್ದರೆ ದಾರದ ಹೂವು ಚಪ್ಪಟೆಯಾಗುತ್ತದೆ. ಮಾಯ್ ಕೈ ತೋರಿಸಿ ತೋರಿಸಿ ಹೇಳುತ್ತಿದ್ದರು. ಭಾಷೆ ಗೊತ್ತಿಲ್ಲದ ಹುಡುಗಿಗೆ ಒಂದು ಮಾತೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಲ್ಲಿ ಕೂತಿದ್ದಾಗ ನನಗೆ ಇನ್ನೊಂದು ತಪ್ಪು ಕಂಡಿತು. ಮೂವತ್ತು ವರ್ಷ ಈ ಕೆಲಸ ಒಬ್ಬರ ಕೈಯಲ್ಲೇ ಇತ್ತು. ನಾವು ಅವರನ್ನು ಹೊಗಳಿದ್ದೇವೆ, ಹಬ್ಬದ ದಿನ ಶಾಲು ಹೊದಿಸಿದ್ದೇವೆ. ಆದರೆ "ನಮಗೂ ಕಲಿಸಿ" ಅಂತ ಯಾರೂ ಕೇಳಿರಲಿಲ್ಲ. ಸೇವೆ ಮಾಡುವವರನ್ನು ಒಂಟಿ ಮಾಡುವುದು ಎಷ್ಟು ಸುಲಭ ನೋಡಿ.

ಇದು ಫಾದರುಗಳಿಗೂ ಹೊಂದುವ ಮಾತು. ಐದಾರು ವರ್ಷಕ್ಕೆ ಅವರಿಗೆ ವರ್ಗ ಆಗುತ್ತದೆ. ಚುರುಕಿನ ಫಾದರ್ ಬಂದರೆ ಯುವಕರ ಗುಂಪು, ನಾಟಕ, ರಕ್ತದಾನ ಎಲ್ಲ ಎದ್ದು ನಿಲ್ಲುತ್ತದೆ. ಅವರು ಹೋದ ಆರು ತಿಂಗಳಲ್ಲಿ ಎಲ್ಲ ಮಲಗುತ್ತದೆ. ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗ್ಗೆಯಿಂದ ಸಂಜೆತನಕ ಒಬ್ಬನೇ ಕೂತು ಜನರ ನ್ಯಾಯ ತೀರಿಸುತ್ತಾನೆ. ಅವನ ಮಾವ ಇತ್ರೋ ಅದನ್ನು ನೋಡಿ, ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅನ್ನುತ್ತಾನೆ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅನ್ನುತ್ತಾನೆ. ಇತ್ರೋ ಮಿದ್ಯಾನಿನ ಯಾಜಕ, ಹೊರಗಿನವನು. ಹೊರಗಿನವರಿಗೆ ಕೆಲವೊಮ್ಮೆ ನಮಗಿಂತ ಚೆನ್ನಾಗಿ ಕಾಣುತ್ತದೆ. ನಮ್ಮ ಗೇಟಿಗೂ ಹಾಗೆ ಒಬ್ಬರು ಕೊಡೆ ಹಿಡಿದು ಬಂದಿದ್ದರಲ್ಲ.

ನನ್ನ ತವರಿನ ಕಡೆ ಪ್ರತಿ ವಾಡಾಕ್ಕೂ ಒಬ್ಬ ಗುರ್ಕಾರ ಇರುತ್ತಿದ್ದರು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮಾತು ಬಿಟ್ಟಿದ್ದಾರೆ, ಅವರಿಗೆ ಗೊತ್ತಿರುತ್ತಿತ್ತು. ತವರು ಅಂದರೆ ಕುಮಟಾ ಕಡೆ, ಅಘನಾಶಿನಿಯ ದಂಡೆ. ಅಲ್ಲಿ ಗಜನಿ ಅನ್ನುವ ಹಿನ್ನೀರಿನ ಗದ್ದೆಗಳಲ್ಲಿ ಕಗ್ಗ ಬೆಳೆಯುತ್ತಾರೆ. ಉಪ್ಪು ನೀರು ತಾಳಿಕೊಳ್ಳುವ ಭತ್ತ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಸೀಗಡಿ, ಮೀನು ಹಿಡಿಯುತ್ತಾರೆ. ಭತ್ತದ ಕೂಳೆ ಮೀನಿಗೆ, ಮೀನಿನ ಕೊಳೆ ಮುಂದಿನ ಭತ್ತಕ್ಕೆ. ನೋಡುವವರಿಗೆ ತಾನಾಗಿಯೇ ಬೆಳೆಯುತ್ತದೆ ಅನಿಸುತ್ತದೆ. ಆದರೆ ಎಲ್ಲರ ಗದ್ದೆಗೂ ಸೇರಿ ಇರುವುದು ಒಂದೇ ಒಡ್ಡು. ಏಡಿ ಬಿಲ ತೋಡಿದ ಕಡೆ ನೀರು ಜಿನುಗಲು ಶುರುವಾದರೆ, ಕಗ್ಗಕ್ಕೂ ಒಂದು ಮಿತಿ ಇದೆ, ಎಲ್ಲರ ಪೈರೂ ಹೋಯಿತು. ನನ್ನ ಅಜ್ಜ ಮಳೆಗಾಲದ ಸಂಜೆ ಒಡ್ಡಿನ ಮೇಲೆ ಉದ್ದಕ್ಕೂ ನಡೆದು ಬರುತ್ತಿದ್ದರು. ತಮ್ಮ ಗದ್ದೆಯ ಹತ್ತಿರ ನಿಲ್ಲುತ್ತಲೂ ಇರಲಿಲ್ಲ. ಕಾಲಡಿ ಮಣ್ಣು ಮೆತ್ತಗಾದ ಜಾಗದಲ್ಲಿ ನಿಲ್ಲುತ್ತಿದ್ದರು.

ಮನೆ ಭೇಟಿಗೆ ಹೊರಟಾಗೆಲ್ಲ ನನಗೆ ಅಜ್ಜನ ಆ ನಡಿಗೆ ನೆನಪಾಗುತ್ತದೆ.

ದುಡ್ಡಿನ ಮಾತನ್ನೂ ಹೇಳಬೇಕು, ಯಾಕಂದರೆ ನಮ್ಮಲ್ಲಿ ಒಡ್ಡು ಒಡೆದದ್ದು ಅಲ್ಲೇ. ಕೆಲವು ವರ್ಷದ ಹಿಂದೆ ಹೊಸ ಧ್ವನಿವರ್ಧಕ ವ್ಯವಸ್ಥೆ ಹಾಕಿಸಿದರು. ಒಬ್ಬರು ಎದ್ದು ಅದರ ಲೆಕ್ಕ ಕೇಳಿದರು. ಕೇಳಿದ್ದು ಸ್ವಲ್ಪ ಗಟ್ಟಿಯಾಗಿಯೇ. "ದೇವರ ಕೆಲಸಕ್ಕೆ ಲೆಕ್ಕ ಕೇಳ್ತೀರಾ?" ಅಂತ ಸಮಿತಿಯವರು ಎಲ್ಲರೆದುರು ಬೈದರು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಅವರು ಅವತ್ತಿನಿಂದ ಇಗರ್ಜಿಗೆ ಬರುವುದು ಬಿಟ್ಟರು.

ಧರ್ಮಸಭೆಯ ಕಾನೂನೇ ಅವರ ಕಡೆ ಇತ್ತು. 1983ರ ಕಾನೂನು ಸಂಹಿತೆಯ 537ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು. 1287ನೇ ವಿಧಿ, ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಅನ್ನುತ್ತದೆ. ಈಗ ನಾವು ಮೂರು ತಿಂಗಳಿಗೊಮ್ಮೆ ಲೆಕ್ಕ ಓದುತ್ತೇವೆ, ನೋಟಿಸ್ ಬೋರ್ಡಿಗೂ ಹಾಕುತ್ತೇವೆ. ಹೂವಿನ ಖರ್ಚು, ಕರೆಂಟು ಬಿಲ್ಲು, ಡಬ್ಬಿಯಲ್ಲಿ ಬಿದ್ದ ಹರಿದ ನೋಟು ಸಹಿತ. ಕಾಣಿಕೆ ಜಾಸ್ತಿ ಆಯಿತಾ ಅಂದರೆ, ಇಲ್ಲ. ಗುಸುಗುಸು ಕಡಿಮೆ ಆಯಿತು. ಕಟ್ಟಡ ದೊಡ್ಡದು ಮಾಡುವ ಮಾತು ಆಗಾಗ ಏಳುತ್ತದೆ. ಸದ್ಯ ಬೇಡ ಅನ್ನುವವರಲ್ಲಿ ನಾನೂ ಒಬ್ಬಳು.

ಒಮ್ಮೆ ಧರ್ಮಪ್ರಾಂತ್ಯದ ಒಂದು ಸಮಾವೇಶಕ್ಕೆ ಯಲ್ಲಾಪುರ, ಹಳಿಯಾಳದ ಕಡೆಯಿಂದ ಸಿದ್ದಿ ಜನರು ಬಂದಿದ್ದರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮಕ್ಕಳು, ಮೊಮ್ಮಕ್ಕಳು. ಕಾಣಿಕೆಯ ಹಾಡಿಗೆ ತಮ್ಮ ಡಮಾಮಿ ಡೋಲು ಬಡಿದರು. ನೆಲ ನಡುಗಿತು, ನನ್ನ ಎದೆಯೂ. ಊಟಕ್ಕೆ ನನ್ನ ಪಕ್ಕ ಕೂತ ಹೆಂಗಸು ತಮ್ಮ ಮನೆಯ ಮದುವೆಯ ಕತೆ ಹೇಳಿದರು. ಸಿದ್ದಿಗಳಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಮದುವೆಗೆ ಮೂರೂ ಕಡೆಯವರು ಬಂದರಂತೆ, ಒಂದೇ ಡಮಾಮಿಗೆ ಕುಣಿದರಂತೆ. ಅವರು ಇದನ್ನು ವಿಶೇಷ ಅಂತ ಹೇಳಲಿಲ್ಲ. ಎಷ್ಟು ಜನ ಬಂದಿದ್ದರು ಅನ್ನುವುದಕ್ಕೆ ಹೇಳಿದರು.

ನೆರೆಯವರ ಜೊತೆ ಹೇಗಿದ್ದೇವೆ ಅನ್ನುವುದು ಒಂದು ಸಭೆಯ ಆರೋಗ್ಯಕ್ಕೆ ಒಳ್ಳೆಯ ಅಳತೆ ಅಂತ ನನಗೆ ಅವತ್ತಿನಿಂದ ಅನಿಸಿದೆ. ಡಿಸೆಂಬರ್ 3ರಂದು ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಹೋಗಿ ನೋಡಿ, ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟು ಕಾಳಿ ಉಕ್ಕಿದಾಗ ನಮ್ಮ ಸಭಾಭವನದ ಅಡುಗೆಮನೆ ಮೂರು ದಿನ ಆರಲಿಲ್ಲ. ಬೇಯಿಸಿದವರಲ್ಲೂ ತಿಂದವರಲ್ಲೂ ಯಾರು ಯಾವ ಪೈಕಿ ಅಂತ ಯಾರೂ ಕೇಳಲಿಲ್ಲ. ಲೆಕ್ಕ ಕೇಳಿ ಬೈಸಿಕೊಂಡರಲ್ಲ, ಅವರು ಆಗಿನ್ನೂ ನಮ್ಮ ಜೊತೆ ಇದ್ದರು. ಅಕ್ಕಿಯ ಮೂಟೆಗಳನ್ನು ಹೆಗಲ ಮೇಲೆ ಹೊತ್ತು ತಂದವರು ಅವರೇ.

ಹೋದ ವರ್ಷ ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ನಮ್ಮ ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವು ತಂದು ಹಾಕಿದರು. ಊಟದ ಉಸ್ತುವಾರಿಯನ್ನು ಈ ಸಲ ಆ ಜಾರ್ಖಂಡಿನ ಹೆಂಗಸು ಮತ್ತು ಅವರ ಜೊತೆಯವರಿಗೆ ಒಪ್ಪಿಸಿದೆವು. ನಮ್ಮ ಕಡೆಯ ಹಿರಿಯರಿಗೆ ಸ್ವಲ್ಪ ಆತಂಕ ಇತ್ತು. ಈ ಹಬ್ಬಕ್ಕೆ ನಮ್ಮಲ್ಲಿ ಸಸ್ಯಾಹಾರ, ಬೆಸಸಂಖ್ಯೆಯ ಪದಾರ್ಥ, ಅದರದ್ದೇ ಕ್ರಮ. ಅವರು ಎಲ್ಲ ಕೇಳಿ ಕಲಿತರು. ಜೊತೆಗೆ ತಮ್ಮ ಊರಿನ ಸಿಹಿ ಒಂದನ್ನು ಮಾಡುತ್ತೇವೆ ಅಂದರು. ಅಕ್ಕಿ ನೆನೆಸಿ ಕುಟ್ಟಿ, ಬೆಲ್ಲದ ಪಾಕ ಹಾಕಿ, ಎಣ್ಣೆಯಲ್ಲಿ ಕರಿದರು. ಅವರು ಅದಕ್ಕೆ ಅರ್ಸಾ ಅಂದರು. ತಟ್ಟೆಯಲ್ಲಿ ನೋಡಿದರೆ ನಮ್ಮ ಅತ್ರಾಸವೇ! ಮಾಯ್‌ಗೆ ಎರಡು ಕಟ್ಟಿಕೊಟ್ಟೆವು.

ಪೂಜೆಯಲ್ಲಿ ಹೊಸ ಭತ್ತದ ತೆನೆ ಆಶೀರ್ವಾದವಾಯಿತು. ಮನೆಗೆ ಒಯ್ದು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿಯುವುದು ಪದ್ಧತಿ. ನನ್ನ ಅಮ್ಮ ಮುಂಬಯಿಯಲ್ಲಿದ್ದ ಅಣ್ಣನಿಗೆ ನಾಲ್ಕು ಕಾಳು ಕಾಗದದಲ್ಲಿ ಮಡಚಿ ಅಂಚೆಯಲ್ಲಿ ಕಳಿಸುತ್ತಿದ್ದರು. ಅದನ್ನು ನೆನೆಸಿಕೊಂಡು ಈ ಸಲ ನಾವು ಪಟ್ಟಿ ನೋಡಿ ಪ್ರತಿ ಮನೆಗೂ ಹೆಸರು ಬರೆದು ಪೊಟ್ಟಣ ಮಾಡಿದ್ದೆವು. ಹಂಚಿ ಮುಗಿದಾಗ ಮೇಜಿನ ಮೇಲೆ ಮೂರು ಉಳಿದವು. ಒಂದು ಮಾಯ್‌ದು. ಅದನ್ನು ಬಟ್ಟೆ ಒಗೆಯುವ ಹುಡುಗಿಯರು ತಗೊಂಡು ಹೋದರು. ಒಂದು ವರ್ಗವಾಗಿ ವಿಶಾಖಪಟ್ಟಣಕ್ಕೆ ಹೋದ ಕುಟುಂಬದ್ದು. ಅದನ್ನು ಅಂಚೆಗೆ ಹಾಕಲು ಎತ್ತಿಟ್ಟೆ. ಮೂರನೆಯದರ ಮೇಲೆ ಲೆಕ್ಕ ಕೇಳಿ ಬೈಸಿಕೊಂಡವರ ಹೆಸರಿತ್ತು.

ಮಳೆ ಹನಿಯುತ್ತಿತ್ತು. ನಾನು ಮತ್ತು ನನ್ನ ಭೇಟಿಯ ಜೊತೆಗಾತಿ ಕೊಡೆ ತಗೊಂಡು ಹೊರಟೆವು. ಬಾಗಿಲು ತೆಗೆದದ್ದು ಅವರ ಹೆಂಡತಿ. ಒಳಗೆ ಬನ್ನಿ ಅಂದರು. ಅವರು ಕುರ್ಚಿಯಿಂದ ಎದ್ದು ನಿಂತರು. ನಾನು ಪೊಟ್ಟಣ ಕೊಟ್ಟು, "ಅವತ್ತು ನಾನೂ ಮಾತಾಡಬೇಕಿತ್ತು, ಮಾತಾಡಲಿಲ್ಲ. ತಪ್ಪಾಯಿತು" ಅಂದೆ. ಅವರು ಏನೂ ಹೇಳಲಿಲ್ಲ. ಪೊಟ್ಟಣವನ್ನು ಗೋಡೆಯ ಮೇಲಿನ ಶಿಲುಬೆಯ ಕೆಳಗೆ, ದೀಪದ ಪಕ್ಕ ಇಟ್ಟರು. ಚಹಾ ಬಂತು. ಮಳೆ, ಮೀನಿನ ರೇಟು, ಮಕ್ಕಳ ಕೆಲಸ, ಹೀಗೇ ಮಾತು ಹೋಯಿತು. ಇಗರ್ಜಿಗೆ ಬನ್ನಿ ಅಂತ ನಾವೂ ಅನ್ನಲಿಲ್ಲ.

ಹೊರಡುವಾಗ ಅವರು ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಬಂದರು. ಚಿಲಕ ಹಾಕುತ್ತಾ ಕೇಳಿದರು:

"ಅಕ್ಕೋರೇ, ಮಾಯ್ ಈಗ ಹೇಗಿದ್ದಾರೆ?"